ಹಲಗೆಯ ಮೇಲಣ ಕಡಲ ಕಾಳಗ

ಚದುರಂಗದಾಟವು ಭರತಖಂಡದಲ್ಲಿ ಹುಟ್ಟಿತೆಂಬುದನ್ನು ಪಾಶ್ಚಾತ್ಯ ವಿದ್ವಾಂಸರೂ ಬಹುಮಟ್ಟಿಗೆ ಒಪ್ಪಿರುವರು. ಆಟದ ಹೆಸರೇ ಅದರ ಕುಲವನ್ನು ಹೇಳುತ್ತದೆ. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳುಳ್ಳ ಸೇನೆಯೇ ಚತುರಂಗ. ಆ ಸೇನೆಯನ್ನು ಅರುವತ್ತುನಾಲ್ಕು ಮನೆಗಳಿಗೆ ಇಳಿಸಿದುದೇ ಚದುರಂಗ. ಹೀಗೆ ಸಮರವನ್ನು ಹಲಗೆಯ ಮೇಲಿರಿಸಿ ನೋಡುವ ಬುದ್ಧಿಯನ್ನು ಲೋಕಕ್ಕೆ ಕೊಟ್ಟವರು ನಾವು. ಆದರೆ ಆ ಬುದ್ಧಿಯನ್ನು ಪಾಠಶಾಲೆಯನ್ನಾಗಿ ಮಾಡಿ, ಅನುಭವವಿಲ್ಲದ ತರುಣ ಅಧಿಕಾರಿಗಳನ್ನು ಅದರ ಮುಂದೆ ಕೂರಿಸಿ, ಕಡಲಿನ ಯುದ್ಧವನ್ನು ನೆಲದ ಮೇಲೆ ಕಲಿಸಿದವರು ಬೇರೆಯವರು. ಈ ವಿದ್ಯೆಯು ಹಲಗೆಯಿಂದ ಹಡಗಿಗೆ ಹೇಗೆ ಹೋಯಿತು, ಅದರಿಂದ ಏನು ಫಲವಾಯಿತು, ನಮ್ಮ ಕನ್ನಡನಾಡಿನಲ್ಲಿ ಅದರ ಯಾವ ಅಂಶವಿದ್ದಿತು, ಯಾವುದು ಇರಲಿಲ್ಲ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮಲ್ಲತ್ತಹಳ್ಳಿಯಲ್ಲಿ ಕುಳಿತವನಿಗೆ ಕಡಲಿನ ಮಾತೇಕೆ ಎಂದು ವಾಚಕರು ಕೇಳಬಹುದು. ಇಲ್ಲಿ ನಮ್ಮ ಕಣ್ಣಿಗೆ ಬೀಳುವ ಜಲರಾಶಿಯೆಂದರೆ ಊರ ಕೆರೆಯೊಂದೇ. ಪಡುವಣ ಕಡಲು ಸುಮಾರು ಇನ್ನೂರು ಮೈಲಿ ದೂರ. ಆದರೆ ಕನ್ನಡನಾಡಿಗೆ ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯುಂಟು. ಅದರ ಇತಿಹಾಸವು ಒಳನಾಡಿನವರಿಗೂ ಸೇರಿದ್ದು. ಐಹೊಳೆಯ ಮೇಗುಟಿಯಲ್ಲಿ ಕ್ರಿ. ಶ. 634ರ ಶಾಸನವನ್ನು ರಚಿಸಿದ ರವಿಕೀರ್ತಿಯು ಇಮ್ಮಡಿ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದುದನ್ನು ವರ್ಣಿಸುವಾಗ, ಅವನ ನೂರಾರು ನೌಕೆಗಳನ್ನು ಮದಗಜಗಳ ಸಮೂಹಕ್ಕೆ ಹೋಲಿಸಿರುವನು. ನೆಲದ ಕಾಳಗದಲ್ಲಿ ಆನೆ ಹೇಗೋ ಕಡಲಿನ ಕಾಳಗದಲ್ಲಿ ಹಡಗು ಹಾಗೆ ಎಂಬುದು ಕವಿಯ ಭಾವ.

ಇದಕ್ಕೆ ಹೊಂದುವ ಇನ್ನೊಂದು ಸಂಗತಿಯು ವಂಗದೇಶದಲ್ಲಿ ದೊರೆಯುವುದು. ಹದಿನಾರನೆಯ ಶತಮಾನದ ಸ್ಮಾರ್ತ ಪಂಡಿತನಾದ ರಘುನಂದನನ ತಿಥಿತತ್ತ್ವವೆಂಬ ಗ್ರಂಥದಲ್ಲಿ ನಾಲ್ವರು ಕೂಡಿ ದಾಳವನ್ನೆಸೆದು ಆಡುವ ಚತುರಂಗದ ವಿವರಣೆಯಿದೆ. ಅಲ್ಲಿ ರಾಜ, ಆನೆ, ಕುದುರೆ, ಕಾಲಾಳುಗಳ ಜೊತೆಗೆ ನಿಲ್ಲುವುದು ರಥವಲ್ಲ, ನೌಕೆ. ನದೀಮಾತೃಕವಾದ ಆ ನಾಡಿನಲ್ಲಿ ತೇರಿಗಿಂತಲೂ ದೋಣಿಯೇ ಯುದ್ಧಕ್ಕೆ ಹತ್ತಿರವಾಗಿ ತೋರಿದುದು ಸಹಜ. ಅಂತೂ ಹಡಗು ಹಲಗೆಯನ್ನೇರಿದುದು ಮೊದಲು ನಮ್ಮ ದೇಶದಲ್ಲಿಯೇ ಎಂದು ಹೇಳಿದರೆ ತಪ್ಪಾಗಲಾರದು.

ಇನ್ನು ಶಾಸ್ತ್ರಗಳು ಹೇಳುವುದೇನು? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳಿಗಾಗಿಯೇ ಒಂದು ಪ್ರಕರಣವುಂಟು. ಆದರೆ ಅದರಲ್ಲಿ ಮುಖ್ಯವಾಗಿ ಕಾಣುವುದು ಸುಂಕ, ದೋಣಿಗಡದ ಬಾಡಿಗೆ, ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ರಕ್ಷಣೆ ಮೊದಲಾದವು. ದಂಡ, ಭೋಗ, ಮಂಡಲ, ಅಸಂಹತ ಎಂಬ ವ್ಯೂಹಗಳ ವಿಸ್ತಾರವಾದ ಚರ್ಚೆಯಿರುವುದು ಭೂಸೇನೆಗೆ ಮಾತ್ರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನು ತಿಳಿಯಬೇಕಾದ ನೂರು ವಿಷಯಗಳು ಐದು ವಿಂಶತಿಗಳಾಗಿ ವಿಂಗಡವಾಗಿವೆ. ಅದರಲ್ಲಿ ಚತುರಂಗವೂ ಉಂಟು. ಆದರೆ ಅದು ರಾಜ್ಯವನ್ನು ಗಳಿಸುವ, ಉಳಿಸುವ ವಿಂಶತಿಗಳಲ್ಲಿಲ್ಲ, ಕ್ರೀಡೆಗಳನ್ನು ಹೇಳುವ ಕಡೆಯ ವಿಂಶತಿಯಲ್ಲಿದೆ. ಸೋಮೇಶ್ವರನು ಆಟವನ್ನು ಆದರದಿಂದ ವಿವರಿಸಿದನು. ಅದನ್ನು ಸೇನಾಪತಿಯ ಶಿಕ್ಷಣದ ಸಾಧನವೆಂದು ಎಣಿಸಲಿಲ್ಲ.

ಈ ವಿಂಗಡಣೆಯು ನಮ್ಮಲ್ಲಿ ಬಹುಕಾಲ ನಿಂತಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಚರಿತ್ರೆಯೇ ಇದಕ್ಕೆ ಸಾಕ್ಷಿ. 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವನ್ನೇರಿದ ಅವರ ಕೈಯಿಂದ 1831ರಲ್ಲಿ ಆಂಗ್ಲೇಯರು ಆಡಳಿತವನ್ನು ತೆಗೆದುಕೊಂಡರು. ಆ ಬಳಿಕ 1868ರಲ್ಲಿ ದೈವಾಧೀನರಾಗುವವರೆಗೂ ಮೂವತ್ತೇಳು ವರ್ಷ ಅವರು ವಿದ್ವಾಂಸರನ್ನು ಪೋಷಿಸುತ್ತ, ಗ್ರಂಥಗಳನ್ನು ಬರೆಯಿಸುತ್ತ ಕಾಲವನ್ನು ಕಳೆದರು. ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯು ಹಲಗೆಯಾಟಗಳ ಭಂಡಾರವೇ ಆಗಿದೆ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಆ ಆಟಗಳ ಚಿತ್ರಗಳನ್ನು ಕಾಣಬಹುದು. ಕುದುರೆಯ ನಡೆಯೊಂದರಿಂದಲೇ ಅರುವತ್ತುನಾಲ್ಕು ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿ, ಮನೆಗಳ ಅಂಕಗಳನ್ನು ಅಡ್ಡಲಾಗಿ ಕೂಡಿದರೂ ಉದ್ದಲಾಗಿ ಕೂಡಿದರೂ 260 ಬರುವಂತಹ ಬಂಧವನ್ನು ರಚಿಸಿದವರೆಂದು ಅವರ ಕೀರ್ತಿಯು ಯೂರೋಪಿನ ಗಣಿತಜ್ಞರವರೆಗೂ ಹೋಗಿದೆ. ಬುದ್ಧಿಯ ಮಟ್ಟಿಗೆ ಇದಕ್ಕಿಂತ ಮೇಲಾದುದು ಬೇಕಿಲ್ಲ. ಆದರೆ ಆ ಕುದುರೆಗೆ ಎದುರಾಳಿಯೇ ಇಲ್ಲ. ರಾಜ್ಯವಿಲ್ಲದ ರಾಜನ ಹಲಗೆಯು ಕಾಳಗದಿಂದ ಬಿಡಿಸಿಕೊಂಡು ಶುದ್ಧ ಗಣಿತವಾಯಿತು.

ಅದೇ ಮೈಸೂರು ರಾಜ್ಯದಲ್ಲಿ ಅವರಿಗಿಂತ ಹಿಂದೆ ಕಡಲ ಸೇನೆಯಿದ್ದಿತೆಂಬುದನ್ನು ಮರೆಯಲಾಗದು. ಬಿದನೂರಿನ ಜಯದಿಂದ ಕರಾವಳಿಯು ಕೈವಶವಾದ ಮೇಲೆ ಹೈದರಾಲಿಯು ಹಡಗುಗಳನ್ನು ಕಟ್ಟಿಸಿದನು. ಆದರೆ ಅವನು ಅಶ್ವಪಡೆಯ ನಾಯಕನಾದ ಲುತ್ಫ್ ಅಲಿ ಬೇಗನನ್ನು ಆ ಹಡಗುಗಳಿಗೆ ಅಧಿಪತಿಯನ್ನಾಗಿ ನೇಮಿಸಿದನೆಂದೂ, ಅದರಿಂದ ನೊಂದ ನಾವಿಕನಾಯಕರು 1768ರಲ್ಲಿ ಆಂಗ್ಲೇಯರ ನೌಕಾಪಡೆಯು ಬಂದಾಗ ಹಡಗುಗಳೊಂದಿಗೆ ಶತ್ರುಪಕ್ಷವನ್ನು ಸೇರಿದರೆಂದೂ ಇತಿಹಾಸಕಾರರು ಬರೆದಿರುವರು. 1780ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನ ಬಂದರಿನಲ್ಲಿದ್ದ ಹಡಗುಗಳನ್ನು ನಾಶಮಾಡಿದನು. ಟಿಪ್ಪು ಸುಲ್ತಾನನು 1796ರಲ್ಲಿ ನೌಕಾಡಳಿತಕ್ಕೆ ಒಂದು ಮಂಡಲಿಯನ್ನು ನೇಮಿಸಿ, ಸುಮಾರು ನಲವತ್ತು ಯುದ್ಧನೌಕೆಗಳನ್ನು ಕಟ್ಟಬೇಕೆಂದು ವಿವರವಾದ ಹುಕುಂನಾಮೆಯನ್ನು ಹೊರಡಿಸಿದನು. ಅದರ ಇಂಗ್ಲಿಷ್ ಅನುವಾದವನ್ನು ಕರ್ಕ್‌ಪ್ಯಾಟ್ರಿಕನು 1811ರಲ್ಲಿ ಪ್ರಕಟಿಸಿದನು. ಹಡಗುಗಳು ಸಿದ್ಧವಾಗುವ ಮೊದಲೇ 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಈ ವೃತ್ತಾಂತದಿಂದ ತಿಳಿಯುವುದಿಷ್ಟು: ಮರವನ್ನು ಕಡಿದು ಹಡಗನ್ನು ಕಟ್ಟಬಹುದು, ಕಾಗದದ ಮೇಲೆ ಅಧಿಕಾರಿಗಳನ್ನೂ ನೇಮಿಸಬಹುದು, ಆದರೆ ಕಡಲಿನಲ್ಲಿ ತೀರ್ಮಾನವನ್ನು ಕೈಗೊಳ್ಳಬಲ್ಲ ಮನಸ್ಸನ್ನು ಹುಕುಂನಾಮೆಯಿಂದ ಮಾಡಲಾಗದು. ಕುದುರೆಯ ಮೇಲೆ ಕಲಿತುದು ಹಡಗಿನ ಮೇಲೆ ಸಾಲದು.

ಹೈದರನು ತೀರಿಕೊಂಡ 1782ನೆಯ ವರ್ಷದಲ್ಲಿಯೇ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಜಾನ್ ಕ್ಲರ್ಕ್ ಎಂಬ ವರ್ತಕನು ನೌಕಾಯುದ್ಧವನ್ನು ಕುರಿತ ತನ್ನ ಪ್ರಬಂಧದ ಕೆಲವು ಪ್ರತಿಗಳನ್ನು ಅಚ್ಚುಹಾಕಿಸಿ ಗೆಳೆಯರಿಗೆ ಹಂಚಿದನು. ಆತನು ನಾವಿಕನಲ್ಲ. ಮರದ ಪುಟ್ಟ ಹಡಗುಗಳನ್ನು ಮೇಜಿನ ಮೇಲೆ ಸಾಲಾಗಿರಿಸಿ, ಗಾಳಿಯು ಇತ್ತಲಿಂದ ಬೀಸಿದರೆ ಏನು, ಸಾಲನ್ನು ನಡುವೆ ಭೇದಿಸಿದರೆ ಏನು ಎಂದು ಸರಿಸಿ ಸರಿಸಿ ನೋಡಿ ವಿಚಾರಮಾಡಿದವನು. ಅನುಭವಕ್ಕೆ ಬದಲಾಗಿ ಅಲ್ಲದಿದ್ದರೂ ಅದಕ್ಕೆ ಸಹಾಯಕವಾಗಿ ಮೇಜೂ ಒಂದು ಗುರುವಾಗಬಲ್ಲುದು ಎಂಬುದು ಅವನಿಂದ ಲೋಕಕ್ಕೆ ತಿಳಿಯಿತು.

ಜರ್ಮನ್ ದೇಶದಲ್ಲಿ ಇದೇ ವಿಚಾರವು ಚದುರಂಗದ ಹಾದಿಯಾಗಿಯೇ ಬೆಳೆಯಿತು. ಬ್ರೌನ್‌ಶ್ವೈಗ್ ಪಟ್ಟಣದ ಉಪಾಧ್ಯಾಯನಾದ ಹೆಲ್‌ವಿಗ್ ಎಂಬವನು 1780ರಲ್ಲಿ ಚದುರಂಗದ ಹಲಗೆಯನ್ನು ಸಾವಿರಾರು ಮನೆಗಳಿಗೆ ಹಿಗ್ಗಿಸಿ, ಬೆಟ್ಟ, ಹೊಳೆ, ಊರುಗಳನ್ನು ಬಣ್ಣಗಳಿಂದ ತೋರಿಸಿ, ರಾಜಕುಮಾರರಿಗೂ ಸೈನ್ಯಾಧಿಕಾರಿಗಳಾಗುವವರಿಗೂ ಯುದ್ಧವಿದ್ಯೆಯನ್ನು ಕಲಿಸಲು ಯತ್ನಿಸಿದನು. ಮುಂದೆ ಪ್ರಷ್ಯದ ರೈಸ್‌ವಿಟ್ಸ್ ತಂದೆಮಕ್ಕಳು ಮನೆಗಳನ್ನೇ ತೊರೆದು ನಿಜವಾದ ಭೂಪಟವನ್ನು ಹಿಡಿದರು. 1824ರಲ್ಲಿ ಮಗನ ಆಟವನ್ನು ಕಂಡ ಸೇನಾಮುಖ್ಯಸ್ಥ ಮ್ಯೂಫ್ಲಿಂಗನು ಇದು ಆಟವಲ್ಲ, ಯುದ್ಧದ ಶಾಲೆಯೇ ಸರಿ ಎಂದು ಮೆಚ್ಚಿ ಪಡೆಗಳಿಗೆಲ್ಲ ಶಿಫಾರಸು ಮಾಡಿದನೆಂದು ಪ್ರಸಿದ್ಧಿ. ಈ ಆಟದಲ್ಲಿ ಎರಡು ಹೊಸ ಸಂಗತಿಗಳಿದ್ದವು. ಒಂದು, ಎದುರಾಳಿಯ ಪಡೆಯೆಲ್ಲ ಕಣ್ಣಿಗೆ ಬೀಳುವುದಿಲ್ಲ. ಎರಡು, ಇಬ್ಬರ ನಡುವೆ ಮಧ್ಯಸ್ಥನೊಬ್ಬನು ಕುಳಿತು, ದಾಳವನ್ನೂ ಕೋಷ್ಟಕವನ್ನೂ ನೋಡಿ ತೀರ್ಪು ಕೊಡುವನು. ಚದುರಂಗದಲ್ಲಿ ಎಲ್ಲವೂ ಬೆಳಕಿನಲ್ಲಿದೆ. ಯುದ್ಧದಲ್ಲಿ ಬಹುಭಾಗವು ಕತ್ತಲೆ. ಆ ಕತ್ತಲೆಯನ್ನು ಹಲಗೆಗೆ ತಂದುದರಿಂದಲೇ ಆಟವು ಪಾಠವಾಯಿತು.

ಇದು ಕಡಲಿಗೆ ಇಳಿದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಅಮೆರಿಕೆಯ ನ್ಯೂಪೋರ್ಟಿನಲ್ಲಿ 1884ರಲ್ಲಿ ಸ್ಥಾಪಿತವಾದ ನೌಕಾಯುದ್ಧ ವಿದ್ಯಾಲಯದಲ್ಲಿ ಮೆಕಾರ್ಟಿ ಲಿಟ್ಲ್ ಎಂಬ ಅಧಿಕಾರಿಯು ಸಮರಕ್ರೀಡೆಯನ್ನು ರೂಢಿಗೆ ತಂದನು. 1898ರಲ್ಲಿ ಇಂಗ್ಲೆಂಡಿನ ಫ್ರೆಡ್ ಜೇನನು ಪುಟ್ಟ ಹಡಗುಗಳಿಂದ ಆಡುವ ನೌಕಾಕಾಳಗದ ನಿಯಮಗಳನ್ನು ಪ್ರಕಟಿಸಿದನು. ನ್ಯೂಪೋರ್ಟಿನಲ್ಲಿ ಕಲಿತ ಅಡ್ಮಿರಲ್ ನಿಮಿಟ್ಸ್‌ನು, ಜಪಾನಿನೊಡನೆ ನಡೆದ ಯುದ್ಧವನ್ನು ಅಲ್ಲಿಯ ಕೋಣೆಗಳಲ್ಲಿ ಮೊದಲೇ ನಾನಾ ಬಗೆಯಾಗಿ ಆಡಿದ್ದುದರಿಂದ, ಕಡೆಗಾಲದ ಆತ್ಮಾಹುತಿ ವಿಮಾನಗಳ ಹೊರತು ಮತ್ತಾವುದೂ ತಮಗೆ ಅನಿರೀಕ್ಷಿತವಾಗಿರಲಿಲ್ಲವೆಂಬರ್ಥದ ಮಾತನ್ನು ಯುದ್ಧಾನಂತರ ಬರೆದನು.

ಆದರೆ ಕಿರಿಯ ಅಧಿಕಾರಿಗಳ ಶಿಕ್ಷಣಕ್ಕೆ ಈ ವಿದ್ಯೆಯು ನಿಜವಾಗಿ ಒದಗಿದುದು ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ, 1942ರಲ್ಲಿ. ಆ ಕಥೆಯನ್ನು ಹೇಳುವುದಕ್ಕೆ ಮುಂಚೆ ನಮ್ಮ ಮಕ್ಕಳು ಜಗುಲಿಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಆಡುವ, ಹಳೆಯ ದೇವಾಲಯಗಳ ಹಾಸುಗಲ್ಲುಗಳಲ್ಲಿಯೂ ಕೊರೆದಿರುವ ಹುಲಿ-ಕುರಿಯ ಆಟವನ್ನು ನೆನೆಯಬೇಕು. ಅದರಲ್ಲಿ ಎರಡು ಪಕ್ಷಗಳೂ ಸಮವಲ್ಲ. ಹುಲಿಗಳು ಮೂರು, ಕುರಿಗಳು ಹದಿನೈದು. ಕುರಿಯು ಹುಲಿಯನ್ನು ಕೊಲ್ಲಲಾರದು. ಹುಲಿಯಾದರೋ ಕುರಿಯ ಹಿಂದಿನ ಮನೆಯು ಬರಿದಾಗಿದ್ದರೆ ಹಾರಿ ಅದನ್ನು ಕೊಳ್ಳುವುದು. ಆದುದರಿಂದ ಕುರಿಗಳ ಪಕ್ಷದವನು ಮುನ್ನುಗ್ಗುವ ಉತ್ಸಾಹದಲ್ಲಿ ಬೆನ್ನ ಹಿಂದಿನ ಮನೆಯನ್ನು ಬರಿದು ಬಿಡಬಾರದು. ಅಟ್ಲಾಂಟಿಕ್ ಸಾಗರದಲ್ಲಿ ನಡೆದುದು ಈ ಆಟವೇ. ಆಹಾರವನ್ನೂ ಎಣ್ಣೆಯನ್ನೂ ಹೊತ್ತ ವರ್ತಕ ಹಡಗುಗಳು ಸಾಲುಗಟ್ಟಿ ಸಾರ್ಥವಾಗಿ ಹೊರಡುವುವು. ಅವುಗಳ ಸುತ್ತ ಕೆಲವೇ ಕಾವಲು ಹಡಗುಗಳು. ಕತ್ತಲಲ್ಲಿ ಜರ್ಮನರ ಜಲಾಂತರ್ಗಾಮಿಗಳು. 1942ರ ನವೆಂಬರ್ ತಿಂಗಳೊಂದರಲ್ಲಿಯೇ ಅವು ಮುಳುಗಿಸಿದ ಹಡಗುಗಳ ತೂಕವು ಏಳು ಲಕ್ಷ ಟನ್ನುಗಳನ್ನು ಮೀರಿತು. ಇದು ಪರದೇಶದ ಕಥೆಯೆಂದು ಸುಮ್ಮನಿರುವಂತಿಲ್ಲ. ಬ್ರಿಟಿಷ್ ವರ್ತಕ ಹಡಗುಗಳಲ್ಲಿ ಬೆಂಕಿಯ ಮುಂದೆ ಕಲ್ಲಿದ್ದಲು ತುಂಬುತ್ತಿದ್ದ, ಅಡಿಗೆ ಮಾಡುತ್ತಿದ್ದ ಭಾರತೀಯ ಖಲಾಸಿಗಳಲ್ಲಿ ಆ ಯುದ್ಧಕಾಲದಲ್ಲಿ ಪ್ರಾಣಬಿಟ್ಟವರು ಆರು ಸಾವಿರಕ್ಕೂ ಮಿಕ್ಕಿರುವರು. ಕಾವಲು ಹಡಗಿನ ಕಿರಿಯ ಅಧಿಕಾರಿಯೊಬ್ಬನು ಕತ್ತಲಲ್ಲಿ ಎಡಕ್ಕೆ ತಿರುಗುವನೋ ಬಲಕ್ಕೆ ತಿರುಗುವನೋ ಎಂಬುದರ ಮೇಲೆ ಇಂತಹವರ ಪ್ರಾಣವು ನಿಂತಿದ್ದಿತು.

ಆ ಕಿರಿಯ ಅಧಿಕಾರಿಗಳೋ, ಬಹುಮಂದಿ ಕೆಲವು ತಿಂಗಳುಗಳ ಹಿಂದೆ ವಕೀಲರೋ ಗುಮಾಸ್ತರೋ ಆಗಿದ್ದವರು. ಅವರಿಗೆ ಕಲಿಸುವ ಹೊಣೆಯು ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಗೆ ಬಂದಿತು. ಕ್ಷಯರೋಗದ ನಿಮಿತ್ತದಿಂದ 1938ರಲ್ಲಿ ನೌಕಾಪಡೆಯಿಂದ ನಿವೃತ್ತಿಗೊಳಿಸಲ್ಪಟ್ಟಿದ್ದವನು ಆತ. ಡರ್ಬಿ ಹೌಸ್ ಎಂಬ ಕಟ್ಟಡದ ಮೇಲಂತಸ್ತಿನಲ್ಲಿ ಅವನಿಗೆ ಕೆಲವು ಕೋಣೆಗಳನ್ನು ಕೊಟ್ಟರು. ಸಹಾಯಕರಾಗಿ ಬಂದವರು ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಅವರಲ್ಲಿ ಜೀನ್ ಲೇಯ್ಡ್‌ಲಾ, ಜಾನೆಟ್ ಓಕೆಲ್ ಎಂಬವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ನೆಲವೇ ಕಡಲಾಯಿತು. ನೆಲದ ಮೇಲೆ ಪುಟ್ಟ ಹಡಗುಗಳನ್ನಿಟ್ಟು ಅವುಗಳ ಹಾದಿಯನ್ನು ಸೀಮೆಸುಣ್ಣದಿಂದ ಗೆರೆ ಎಳೆದು ತೋರಿಸುವರು. ಆಡುವ ಅಧಿಕಾರಿಗಳು ಬಟ್ಟೆಯ ತೆರೆಗಳ ಹಿಂದೆ ನಿಂತು ಸಣ್ಣ ಕಿಂಡಿಯಿಂದ ಮಾತ್ರ ನೋಡಬೇಕು. ರಾತ್ರಿ ಹಡಗಿನ ಮೇಲಿಂದ ಎಷ್ಟು ಕಾಣುವುದೋ ಅಷ್ಟೇ ಅವರಿಗೆ ಕಾಣಬೇಕು. ಶತ್ರುವಿನ ಹಾದಿಯ ಗೆರೆಯು ಅವರ ಕಣ್ಣಿಗೆ ತೋರದಂತಹ ಹಸುರು ಬಣ್ಣದ್ದು. ಒಂದೊಂದು ನಡೆಯೂ ಎರಡು ನಿಮಿಷಗಳ ಕಾಲಕ್ಕೆ ಸಮ. ಅಷ್ಟರೊಳಗೆ ಆಜ್ಞೆಯನ್ನು ಬರೆದುಕೊಡದವನ ಹಡಗು ಹಿಂದಿನ ಹಾದಿಯಲ್ಲಿಯೇ ಸಾಗುವುದು. ಆಟ ಮುಗಿದ ಬಳಿಕ ತೆರೆಯನ್ನು ಸರಿಸಿ ಎಲ್ಲರನ್ನೂ ನೆಲದ ಬಳಿಗೆ ಕರೆದು, ಯಾರು ಎಲ್ಲಿ ಏನು ಮಾಡಿದರೆಂಬುದನ್ನು ಗೆರೆ ಗೆರೆಯಾಗಿ ವಿಚಾರಿಸುವರು.

ಇಲ್ಲಿಯೇ ಒಂದು ಮುಖ್ಯವಾದ ರಹಸ್ಯವು ಹೊರಬಿದ್ದಿತು. ಶತ್ರುವು ಸಾರ್ಥದ ಹೊರಗಿನಿಂದ ಟಾರ್ಪಿಡೊ ಹಾರಿಸುವನೆಂದೇ ಅಂದಿನವರೆಗೆ ಎಲ್ಲರ ನಂಬಿಕೆ. ಆದುದರಿಂದ ಹಡಗೊಂದು ಸ್ಫೋಟಗೊಂಡೊಡನೆ ಕಾವಲಿನವರು ಹೊರದಿಕ್ಕಿಗೆ ಓಡಿ ಹುಡುಕುವರು. ಆದರೆ ಸಾರ್ಥದ ನಡುವಿನಲ್ಲಿದ್ದ ಹಡಗುಗಳಿಗೂ ಏಟು ಬಿದ್ದುದು ಹೇಗೆ ಎಂಬ ಪ್ರಶ್ನೆಯನ್ನು ರಾಬರ್ಟ್ಸನು ನೆಲದ ಮೇಲೆ ಆಡಿಸಿ ನೋಡಿದನು. ಜಲಾಂತರ್ಗಾಮಿಯು ರಾತ್ರಿಯಲ್ಲಿ ನೀರಿನ ಮೇಲೆಯೇ ಹಿಂಬದಿಯಿಂದ ಸಾಲುಗಳ ಒಳಗೆ ಸೇರಿ, ಹತ್ತಿರದಿಂದ ಹೊಡೆದು, ಮುಳುಗಿ, ಸಾರ್ಥವು ತನ್ನ ಮೇಲೆ ಹಾದುಹೋಗುವವರೆಗೂ ತೆಪ್ಪಗಿದ್ದು ಹಿಂದೆ ಉಳಿದುಕೊಳ್ಳುವುದೆಂಬ ಉತ್ತರವೊಂದೇ ಗೆರೆಗಳಿಗೆ ಹೊಂದಿತು. ಕಾವಲಿನವರು ಓಡಿಹೋಗಿ ಬರಿದು ಬಿಟ್ಟ ಮನೆಯೇ ಹುಲಿಗೆ ದಾರಿಯಾಗಿದ್ದಿತು! ಕೂಡಲೇ ಹಿಂದಕ್ಕೆ ತಿರುಗಿ ಸಾರ್ಥದ ಬೆನ್ನನ್ನು ಎಲ್ಲರೂ ಒಟ್ಟಾಗಿ ಶೋಧಿಸುವ ಉಪಾಯವನ್ನು ರಚಿಸಿದರು. ಅದಕ್ಕೆ ಲೇಯ್ಡ್‌ಲಾ ಎಂಬಾಕೆಯು ಸೂಚಿಸಿದಂತೆ ರಾಸ್ಪ್‌ಬೆರಿ ಎಂಬ ಹಣ್ಣಿನ ಹೆಸರನ್ನಿಟ್ಟರು. ಯುದ್ಧವು ಮುಗಿಯುವುದರೊಳಗೆ ಸುಮಾರು ಐದು ಸಾವಿರ ಅಧಿಕಾರಿಗಳು ಆ ಕೋಣೆಯಲ್ಲಿ ಪಾಠ ಕಲಿತರು. 1943ರ ಮೇ ತಿಂಗಳಿನಲ್ಲಿ ಜರ್ಮನರು ನಲವತ್ತಕ್ಕೂ ಹೆಚ್ಚು ಜಲಾಂತರ್ಗಾಮಿಗಳನ್ನು ಕಳೆದುಕೊಂಡು ಉತ್ತರ ಅಟ್ಲಾಂಟಿಕ್ಕಿನಿಂದ ಹಿಂದೆಗೆದರು. ಈ ಜಯಕ್ಕೆ ರಾಡಾರ್, ವಿಮಾನ, ಗೂಢಲಿಪಿಯ ಭೇದನ ಮೊದಲಾದ ಕಾರಣಗಳು ಅನೇಕ. ಆದರೆ ಆ ಸಾಧನಗಳನ್ನು ಹಿಡಿದ ಕೈಗಳಿಗೆ ಸಮಯಕ್ಕೆ ಸರಿಯಾದ ಬುದ್ಧಿಯನ್ನು ಕೊಟ್ಟುದರಲ್ಲಿ ಆ ಸೀಮೆಸುಣ್ಣದ ನೆಲದ ಪಾಲು ಅಲ್ಪವಲ್ಲ.

ಹಲಗೆಯ ಮುಂದೆ ಹಿರಿಯ ಕಿರಿಯರೆಂಬ ಭೇದವಿಲ್ಲವೆಂಬುದೂ ಅಲ್ಲಿ ಸಿದ್ಧವಾಯಿತು. ಸ್ವತಃ ಜಲಾಂತರ್ಗಾಮಿ ಯುದ್ಧದಲ್ಲಿ ಹೆಸರಾಂತ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ನನು ಒಮ್ಮೆ ತಾನೇ ಶತ್ರುವಿನ ಪಾತ್ರವನ್ನು ವಹಿಸಿ ಆಡಿ, ಮತ್ತೆ ಮತ್ತೆ ಸೋತು, ಎದುರಾಡಿದವಳು ಓಕೆಲ್ ಎಂಬ ತರುಣಿಯೆಂದು ಬಳಿಕ ತಿಳಿದನೆಂದು ಹೇಳುವರು. ಅವನು ಆ ಶಾಲೆಯನ್ನು ಮುಚ್ಚಿಸಲಿಲ್ಲ, ಬೆಂಬಲಿಸಿದನು.

ಇದಕ್ಕೆ ವಿರುದ್ಧವಾದ ನಿದರ್ಶನವು ಅದೇ 1942ರಲ್ಲಿ ಜಪಾನಿನಲ್ಲಿ ನಡೆಯಿತು. ಮಿಡ್‌ವೇ ದ್ವೀಪದ ಮೇಲಣ ದಂಡಯಾತ್ರೆಗೆ ಮುಂಚೆ ಯಮಾಟೊ ಎಂಬ ಮಹಾನೌಕೆಯಲ್ಲಿ ಹಿರಿಯ ಅಧಿಕಾರಿಗಳು ಹಲಗೆಯಾಟವನ್ನಾಡಿದರು. ಫುಚಿದ ಮತ್ತು ಒಕುಮಿಯ ಎಂಬ ನೌಕಾಧಿಕಾರಿಗಳು ಯುದ್ಧಾನಂತರ ಬರೆದ ಗ್ರಂಥದಲ್ಲಿ ಹೇಳಿರುವಂತೆ, ದಾಳದ ಲೆಕ್ಕದಿಂದ ಶತ್ರುವಿಮಾನಗಳ ಒಂಬತ್ತು ಬಾಂಬುಗಳು ಜಪಾನಿನ ವಿಮಾನವಾಹಕ ನೌಕೆಗಳಿಗೆ ತಗುಲಿ ಎರಡು ಮುಳುಗಿದುವೆಂದು ತೀರ್ಪಾಯಿತು. ಆಟಕ್ಕೆ ಅಧ್ಯಕ್ಷನಾಗಿದ್ದ ಅಡ್ಮಿರಲ್ ಉಗಾಕಿಯು ಒಂಬತ್ತನ್ನು ಮೂರೆಂದು ತಿದ್ದಿಸಿದನು. ಮುಳುಗಿದೆಯೆಂದು ಉಳಿದ ಒಂದು ನೌಕೆಯೂ ಮುಂದಿನ ಆಟಕ್ಕೆ ಮತ್ತೆ ತೇಲಿಬಂದಿತು. ಜೂನ್ ತಿಂಗಳ ನಿಜವಾದ ಕಾಳಗದಲ್ಲಿ ನಾಲ್ಕು ನೌಕೆಗಳು ಮುಳುಗಿದುವು. ಅವನ್ನು ಮೇಲಕ್ಕೆತ್ತುವ ಅಧಿಕಾರವು ಯಾವ ಅಡ್ಮಿರಲ್ಲನಿಗೂ ಇರಲಿಲ್ಲ.

ಲಿವರ್‌ಪೂಲಿನಲ್ಲಿಯೂ ಯಮಾಟೊ ನೌಕೆಯಲ್ಲಿಯೂ ಇದ್ದ ಸಾಧನವು ಒಂದೇ. ಫಲಗಳು ಮಾತ್ರ ಬೇರೆ ಬೇರೆ. ಭೇದವಿರುವುದು ಹಲಗೆಯಲ್ಲಲ್ಲ, ತೀರ್ಪನ್ನು ಸ್ವೀಕರಿಸುವ ಮನಸ್ಸಿನಲ್ಲಿ. ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯವನ್ನು ಕಳೆದವರಿಗೆ ಈ ಮಾತಿನ ಸತ್ಯವು ಬೇಗನೆ ತಿಳಿಯುವುದು. ಹಿಂದಿನ ಮಠಗಳಲ್ಲಿ ಮಕ್ಕಳಿಗೆ ಅಕ್ಷರವನ್ನು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಮರಳೇ ಏಕೆಂದರೆ ಅಂಗೈಯಿಂದ ಒಮ್ಮೆ ಸವರಿದರೆ ತಪ್ಪು ಅಳಿಸಿಹೋಗುವುದು; ಓಲೆಗರಿಗೆ ನಷ್ಟವಿಲ್ಲ, ಮಗುವಿಗೆ ಭಯವಿಲ್ಲ. ಆದರೆ ಸವರುವ ಮುಂಚೆ ತಪ್ಪನ್ನು ತಪ್ಪೆಂದು ತೋರಿಸುವ ಗುರುವು ಬೇಕು. ತಪ್ಪಿದ ಅಕ್ಷರವನ್ನೇ ಸರಿಯೆಂದು ಹೊಗಳುವ ಮಠದಲ್ಲಿ ಮರಳೂ ವ್ಯರ್ಥ, ವರ್ಷಗಳೂ ವ್ಯರ್ಥ. ಸಮರಕ್ರೀಡೆಯು ಯುದ್ಧಕ್ಕೆ ಹಾಕಿದ ಮರಳಿನ ತಿದ್ದು. ಅದರ ಮೇಲೆ ಸೋತ ತರುಣನು ಮರುದಿನ ಮತ್ತೆ ಆಡುವನು; ಕಡಲಿನಲ್ಲಿ ಸೋತವನಿಗೂ ಅವನನ್ನು ನಂಬಿದವರಿಗೂ ಮರುದಿನವಿಲ್ಲ.

ಯುದ್ಧವನ್ನು ಆಟವಾಗಿ ಆಡುವುದು ಕ್ರೂರವಲ್ಲವೆ, ಸಾವನ್ನು ಹಗುರವಾಗಿ ಎಣಿಸಲು ಅದು ಕಲಿಸಲಾರದೆ ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಕಡೆಗಣಿಸತಕ್ಕುದಲ್ಲ. ಕಾಯಿಗಳ ಹಿಂದೆ ಮನುಷ್ಯರಿರುವರೆಂಬುದನ್ನು ಮರೆತ ಆಟಗಾರನು ಅಪಾಯಕಾರಿಯೇ ಸರಿ. ಆದರೆ ಲಿವರ್‌ಪೂಲಿನ ನೆಲದ ಸುತ್ತ ನಿಂತಿದ್ದವರು ಹಾಗೆ ಮರೆಯುವಂತಿರಲಿಲ್ಲ. ವಾರದ ಪಾಠ ಮುಗಿದೊಡನೆ ಅವರು ಹೊರಡಬೇಕಾಗಿದ್ದುದು ಅದೇ ಕಡಲಿಗೆ. ಆಡದೆಯೇ ಹೊರಟಿದ್ದರೆ ಅವರ ಮೊದಲ ತಪ್ಪಿಗೆ ಬೆಲೆ ತೆರಬೇಕಾಗುತ್ತಿದ್ದವನು ಬಾಯ್ಲರಿನ ಮುಂದೆ ನಿಂತ ಖಲಾಸಿ.

ಇಂದು ಕನ್ನಡನಾಡಿನ ಕರಾವಳಿಯು ಮತ್ತೆ ನೌಕಾಪಡೆಯ ನೆಲೆಯಾಗಿದೆ. 1986ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಗಿ 2005ರ ಮೇ 31ರಂದು ಸೇವೆಗೆ ಸೇರಿದ ಕಾರವಾರದ ನೆಲೆಗೆ ಬನವಾಸಿಯ ಅರಸುಮನೆತನದ ಹೆಸರನ್ನು ನೆನಪಿಸುವ ಕದಂಬವೆಂಬ ಹೆಸರಿಟ್ಟಿರುವರು. ಅದರ ಉತ್ತರಕ್ಕೆ ಗೋವೆಯಲ್ಲಿ ನೌಕಾಯುದ್ಧ ಮಹಾವಿದ್ಯಾಲಯವಿದೆ. ದಕ್ಷಿಣಕ್ಕೆ ಏಳಿಮಲೆಯಲ್ಲಿ ತರುಣರನ್ನು ಅಧಿಕಾರಿಗಳನ್ನಾಗಿ ತಯಾರಿಸುವ ನೌಕಾ ಅಕಾಡೆಮಿಯಿದೆ. ಹಡಗುಗಳಿಗೆ ಕೊರತೆಯಾಗದಂತೆ ದೇಶವು ನೋಡಿಕೊಳ್ಳುತ್ತಿದೆ. ಹುಕುಂನಾಮೆಯ ಕಾಲದಲ್ಲಿ ನಮಗೆ ಇಲ್ಲದಿದ್ದುದು ಹಡಗಿಗಿಂತಲೂ ಹೆಚ್ಚಾಗಿ ಆ ಇನ್ನೊಂದು. ಅದನ್ನು ನಮ್ಮ ಮನೆಗಳಲ್ಲಿಯೇ ಸ್ವಲ್ಪಮಟ್ಟಿಗೆ ಬೆಳೆಸಬಹುದು. ಮಕ್ಕಳು ಜಗುಲಿಯಲ್ಲಿ ಹುಲಿ-ಕುರಿ ಆಡುವಾಗ ಕಾಲಹರಣವೆಂದು ಗದರಿಸಬೇಕಾಗಿಲ್ಲ. ಆದರೆ ಸೋತ ಮಗುವು ಒಂದು ಕುರಿಯನ್ನು ಮೆಲ್ಲನೆ ಹಲಗೆಗೆ ಮರಳಿ ಇಟ್ಟರೆ, ಆಗ ಮಾತ್ರ ಹಿರಿಯರು ಮೃದುವಾಗಿ ಕೈ ಹಿಡಿಯಲಿ.